ಡಿಕ್ಕಿಯಲ್ಲಿ ಹಿಡಿಸದ ಮೂರು ಕಣ್ಣು

ಆ ಕಾರಿನ ಬಾನೆಟ್ಟು ಬೇರೆ ಕಾರುಗಳ ಹಾಗೆ ಮೇಲಕ್ಕೆ ಏಳುತ್ತಿರಲಿಲ್ಲ. ಎರಡು ದೀಪ, ಎರಡು ಮಡ್‌ಗಾರ್ಡು ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮಗುಚಿದ ಮೇಲೆ ಇಂಜಿನ್ನು, ಬ್ಯಾಟರಿ, ಮುಂದಿನ ಎರಡೂ ಗಾಲಿ ಬಟಾಬಯಲು. ರಿಪೇರಿ ಮಾಡುವವರು ಗಾಲಿಯ ಮೇಲೆಯೇ ಕೂತು, ಒಲೆಯ ಮುಂದೆ ಕೂತವರ ಹಾಗೆ ನಿಶ್ಚಿಂತೆಯಿಂದ ಕೆಲಸ ಮಾಡಬಹುದಿತ್ತು. ಹೊನವಾಡದ ಜನ ಅದಕ್ಕೆ ‘ಮೊಸಳಿ’ ಎಂದು ಹೆಸರಿಟ್ಟಿದ್ದರು. ಎರಡೇ ಬಾಗಿಲು, ನನಗಿಂತ ಆರೇಳು ವರ್ಷ ಹಿರಿಯದು. ಅದನ್ನು ನನಗೆ ಮಾರಿದ ನಿವೃತ್ತ ಹೆಡ್‌ಮಾಸ್ತರರು ಕೀಲಿಕೈಯ ಜೊತೆ ಒಂದು ಕಲ್ಲನ್ನೂ ಕೊಟ್ಟಿದ್ದರು. ಹ್ಯಾಂಡ್‌ಬ್ರೇಕು ಹಿಡಿಯುತ್ತಿರಲಿಲ್ಲ, ನಿಲ್ಲಿಸಿದಾಗಲೆಲ್ಲ ಹಿಂದಿನ ಗಾಲಿಗೆ ಆ ಕಲ್ಲನ್ನು ಅಡ್ಡ ಇಡಬೇಕು. “ಕೀಲಿ ಕಳದ್ರ ನಡೀತೈತಿ, ಕಲ್ಲ ಕಳೀಬ್ಯಾಡ” ಎಂದಿದ್ದರು. ನಾನು ಕಳೆದದ್ದು ಕಲ್ಲನ್ನೇ. ಈ ಕಥೆ ಶುರುವಾಗುವುದೂ ಅಲ್ಲಿಂದಲೇ.

ಆಗ ನನಗೆ ಇಪ್ಪತ್ತೇಳು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕ ಒಂದು ಬಾಡಿಗೆ ಕೋಣೆ, ಕೋಣೆಯಲ್ಲಿ ಒಂದು ಸೂಕ್ಷ್ಮದರ್ಶಕ, ಹೊರಗೆ ಹಳಿಯ ಏರಿಗೆ ಹತ್ತುವ ಇಳಿಜಾರಿನ ಮೇಲೆ ಮೊಸಳಿ. ಇಳಿಜಾರು ಯಾಕೆಂದರೆ ಬೆಳಿಗ್ಗೆ ತಾನಾಗಿ ಉರುಳಿ ಚಾಲೂ ಆಗಲಿ ಎಂದು. ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದ ಗುಣ. ಕಾರು ಕೊಂಡ ಮೇಲೆ ಅದಕ್ಕೊಂದು ಕ್ರಮ ಬಂತು: ರೇಡಿಯೇಟರಿನ ನೀರು, ಬ್ಯಾಟರಿಯ ನೀರು, ಟೈರಿನ ಗಾಳಿ, ಬಲಗಡೆ ಬಾಗಿಲಿನ ಕೊಂಡಿ. ದಾರಿಯುದ್ದಕ್ಕೂ ಈ ನಾಲ್ಕರ ಬಗ್ಗೆ ಸರದಿಯ ಮೇಲೆ ಚಿಂತಿಸುತ್ತಿದ್ದೆ. ಕೆಟ್ಟದ್ದು ಯಾವಾಗಲೂ ಐದನೆಯದು.

ನನ್ನ ಕೆಲಸ ದ್ರಾಕ್ಷಿಯ ಕಣ್ಣು ಪರೀಕ್ಷೆ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ‘ಪಡ’ ಎನ್ನುತ್ತಾರೆ, ಬಳ್ಳಿ ಕತ್ತರಿಸುವುದಕ್ಕೆ ‘ಚಾಟ್ನಿ’. ಎಪ್ರಿಲ್ ಚಾಟ್ನಿಯ ನಂತರ ಬಳ್ಳಿಯ ತೋಳಿನಿಂದ, ಅಂದರೆ ಹಳೆಯ ಕೊಂಬೆಯಿಂದ, ಹೊಸ ಕಡ್ಡಿಗಳು ಬರುತ್ತವೆ. ಪ್ರತಿ ಕಡ್ಡಿಯ ಮೇಲೂ ಎಲೆಯ ಸಂದಿಗೊಂದು ಕಣ್ಣು, ಅಂದರೆ ಮೊಗ್ಗು. ಮಳೆಗಾಲದಲ್ಲಿ, ಯಾರಿಗೂ ಹೇಳದೆ ಕೇಳದೆ, ಕೆಲವು ಕಣ್ಣುಗಳೊಳಗೆ ಮುಂದಿನ ಬೇಸಿಗೆಯ ಗೊಂಚಲು ಬಂದು ಕೂರುತ್ತದೆ. ಕೆಲವುಗಳೊಳಗೆ ಕೂರುವುದಿಲ್ಲ. ಹೊರಗಿನಿಂದ ಎಲ್ಲವೂ ಒಂದೇ ಥರ, ಕಂದು ಹುರುಪೆಯ ಗುಬುಟು. ಅಕ್ಟೋಬರಿನಲ್ಲಿ ಮತ್ತೆ ಚಾಟ್ನಿ. ಕತ್ತರಿಸಿದ ಜಾಗದ ಕೆಳಗಿನ ಒಂದೆರಡು ಕಣ್ಣು ಮಾತ್ರ ಚಿಗುರುತ್ತವೆ. ಆದ್ದರಿಂದ ಗೊಂಚಲಿರುವ ಕಣ್ಣು ಬುಡದಿಂದ ಎಷ್ಟನೆಯದು ಎಂದು ತಿಳಿದು ಅದರ ನೆತ್ತಿಗೇ ಕತ್ತರಿ ಹಾಕಬೇಕು. ಕೆಳಗೆ ಹಾಕಿದರೆ ಗೊಂಚಲು ನೆಲಕ್ಕೆ ಬಿತ್ತು. ಆ ವರ್ಷ ಬರೀ ಎಲೆ. ನಾನು ಕಣ್ಣನ್ನು ಬ್ಲೇಡಿನಿಂದ ಪದರ ಪದರವಾಗಿ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, “ಇಷ್ಟು ಕಣ್ಣು ಬಿಟ್ಟು ಕತ್ತರಿಸಿ” ಎಂದು ಚೀಟಿ ಬರೆದು ಕೊಡುತ್ತಿದ್ದೆ. ಡಾಕ್ಟರೇಟು ಇರಲಿಲ್ಲ. ಜನ ಡಾಕ್ಟರ್ ಅನ್ನುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ.

ಆ ವರ್ಷ ಹೊನವಾಡದ ಒಬ್ಬ ಹೆಣ್ಣುಮಗಳು ಹೇಳಿ ಕಳಿಸಿದ್ದರು. ಗಂಡ ಮಿಲಿಟರಿಯಲ್ಲಿ, ವರ್ಷಕ್ಕೊಮ್ಮೆ ರಜೆಗೆ ಬರುವವರು. ಪಡ ಹಚ್ಚಿದ್ದು, ನೀರು ಹಾಯಿಸಿದ್ದು, ಔಷಧ ಹೊಡೆಸಿದ್ದು ಎಲ್ಲ ಈಕೆಯೇ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಅಕ್ಕಾರು ಎನ್ನುತ್ತಿದ್ದೆ. ಎರಡು ವರ್ಷದಿಂದ ಬಳ್ಳಿ ಎಲೆಯನ್ನಷ್ಟೇ ಕೊಟ್ಟಿತ್ತು.

“ಈ ಸಲ ಗೊನಿ ಬರ್ಲಿಲ್ಲಂದ್ರ ಮಾವ ಪಡಕ್ಕ ಕೊಡಲಿ ಹಾಕಸ್ತಾರ್ರಿ ಡಾಕ್ಟ್ರ” ಎಂದರು. “ಜ್ವಾಳ ಬಿತ್ತೂಣು ಅಂತಾರ. ನಾ ಒಂದ ವರ್ಷ ತಡೀರಿ ಅಂದೇನಿ. ಆ ಒಂದ ವರ್ಷ ಇದ.”

ಮಂಗಳವಾರ ಮಧ್ಯಾಹ್ನ ಮಾದರಿ ಕಡ್ಡಿ ತರಲು ಹೋದೆ. ಪಡ ಮುಟ್ಟುವ ಹೊತ್ತಿಗೆ ಮೊಸಳಿಗೆ ಜ್ವರ ಬಂದಿತ್ತು. ಬಿಸಿಲಿಗೆ ಪೆಟ್ರೋಲು ನಳಿಗೆಯಲ್ಲಿಯೇ ಆವಿಯಾಗಿ ಇಂಜಿನ್ನು ನಿಂತುಬಿಡುವ ಜ್ವರ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣ್ಣೀರು ತಟ್ಟುತ್ತ ಕೂರಬೇಕು. ಅದೇ ಹೊತ್ತಿಗೆ ಗಾಲಿಗೆ ಕೊಡುವ ಕಲ್ಲು ಕಾಣಲಿಲ್ಲ. ಟಿಕೋಟಾದಲ್ಲಿ ಚಹಾಕ್ಕೆ ನಿಂತಾಗ ಬಿಟ್ಟು ಬಂದಿದ್ದೆ. ಅದು ಎರೆ ಭೂಮಿ. ಹುಡುಕಿದರೂ ಮುಷ್ಟಿಗಾತ್ರದ ಕಲ್ಲು ಸಿಗದು.

ಕಡ್ಡಿಯನ್ನು ನಾನೇ ಕತ್ತರಿಸಿಕೊಳ್ಳುವುದು ನನ್ನ ನಿಯಮ. ಬೇರೆ ಬೇರೆ ಸಾಲಿನ ಹತ್ತು ಬಳ್ಳಿ ಆರಿಸಿ, ತೋಳಿಗಂಟಿದ ಬುಡದಿಂದ ಒಂದೊಂದು. ಅವತ್ತು ಇಂಜಿನ್ನಿಗೆ ನೀರು ತಟ್ಟುವ ಸೇವೆ ಬಿಡಲಾಗದೆ ಅಕ್ಕಾರ ಮೈದುನನಿಗೆ ಹೇಳಿದೆ. ಆತ ಅಚ್ಚುಕಟ್ಟಿನ ಮನುಷ್ಯ. ನಾನು ಹೇಳಿದ ಹಾಗೆಯೇ ಬುಡದಿಂದಲೇ ಕತ್ತರಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಡಿಕ್ಕಿಯಲ್ಲಿ ಇಡಲು ಹೋದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೂಗಿದ:

“ಡಾಕ್ಟ್ರ, ಕಡ್ಡಿ ಉದ್ದ ಆಗ್ಯಾವ್ರಿ, ಡಿಕ್ಕ್ಯಾಗ ಹಿಡಸವಲ್ಲವು. ಒಂದೀಟ ಸವರಿ ಇಡ್ಲ್ಯಾ?”

“ಸವರು ಸವರು” ಎಂದೆ, ಮೊಸಳಿಯ ಬಾಯಿಂದ.

ಆಮೇಲೆ ಆತನೇ ಹಿಂದಿನ ಗಾಲಿಗೆ ಏನನ್ನೋ ಅಡ್ಡ ಕೊಟ್ಟ. ಸುತಳಿಯಿಂದ ಬಿಗಿಯಾಗಿ ಕಟ್ಟಿದ, ಗೇಣಿಗಿಂತ ಚಿಕ್ಕದಾದ ಕಟ್ಟಿಗೆಯ ಕಟ್ಟು. ಗಾಲಿ ಅಲುಗಲಿಲ್ಲ. ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿ, ಹೊರಡುವಾಗ ಆ ಕಟ್ಟನ್ನು ಜೋಪಾನವಾಗಿ ಜೊತೆಗೆ ತಂದೆ.

ಬುಧವಾರ ಬೆಳಿಗ್ಗೆ ಹತ್ತೂ ಕಡ್ಡಿ ನೋಡಿದೆ. ಗೂಡ್ಸ್ ಗಾಡಿ ಬಂದಾಗ ಮೇಜು ನಡುಗಿ ಗೊಂಚಲು ಕುಣಿಯುತ್ತಿತ್ತು; ಕಡೆಯ ಡಬ್ಬಿ ದಾಟುವವರೆಗೆ ಉಸಿರು ಹಿಡಿದು ಕೂರುವುದು ನನ್ನ ರೂಢಿ. ನಾಲ್ಕನೆಯ ಮತ್ತು ಐದನೆಯ ಕಣ್ಣಿನಲ್ಲಿ ದುಂಡಗೆ ಗೊಂಚಲು ಕೂತಿತ್ತು. ಒಂದು ಸಂಗತಿ ಮಾತ್ರ ವಿಚಿತ್ರ ಅನಿಸಿತು. ಬುಡದ ಕಣ್ಣುಗಳು ಸಾಮಾನ್ಯವಾಗಿ ಒತ್ತೊತ್ತಾಗಿರುತ್ತವೆ, ಇವು ದೂರ ದೂರ ಇದ್ದವು. ಈ ವರ್ಷ ಬಳ್ಳಿ ಚೆನ್ನಾಗಿ ಓಡಿದೆ ಅಂದುಕೊಂಡೆ. ರೇಡಿಯೇಟರಿನ ನೀರಿನ ಬಗ್ಗೆ ದಿನಕ್ಕೆ ನಾಲ್ಕು ಸಲ ಚಿಂತಿಸುವವನು ಇದರ ಬಗ್ಗೆ ಒಂದು ಸಲವೂ ಚಿಂತಿಸಲಿಲ್ಲ. “ಐದು ಕಣ್ಣು ಬಿಟ್ಟು ಕತ್ತರಿಸಿ” ಎಂದು ಚೀಟಿ ಬರೆದು, ಮಧ್ಯಾಹ್ನದ ಹೊನವಾಡ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಚಾಟ್ನಿ ಮಾಡುವ ಗ್ಯಾಂಗು ಬಬಲೇಶ್ವರದ್ದು. ಗುರುವಾರ ಹೊತ್ತು ಮೂಡುತ್ತಲೇ ಕತ್ತರಿ ಹಿಡಿಯುವುದೆಂದು ಗೊತ್ತಾಗಿತ್ತು.

ಗುರುವಾರ ನಸುಕಿನಲ್ಲಿ ನಾನು ಬಬಲೇಶ್ವರದ ಇನ್ನೊಂದು ಪಡಕ್ಕೆ ಹೊರಟಿದ್ದೆ. ಸೂಕ್ಷ್ಮದರ್ಶಕವನ್ನು ಕೌದಿಯಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಗಾಲಿಗೆ ಕೊಟ್ಟಿದ್ದ ಕಟ್ಟನ್ನು ತೆಗೆಯಲು ಬಗ್ಗಿದೆ. ಬೆಳಕು ಆಗಷ್ಟೇ ಹರಿಯುತ್ತಿತ್ತು. ಕೈಗೆ ಬಂದದ್ದು ಕಟ್ಟಿಗೆಯಲ್ಲ, ದ್ರಾಕ್ಷಿ ಕಡ್ಡಿ. ದಪ್ಪನೆಯ ಹತ್ತು ತುಂಡು. ಒಂದು ತುದಿಯಲ್ಲಿ ತೋಳಿನಿಂದ ಕಿತ್ತು ಬಂದ ಹಳೆಯ ಮರದ ಚಕ್ಕೆ. ಪ್ರತಿ ತುಂಡಿನ ಮೇಲೂ ಒತ್ತೊತ್ತಾಗಿ ಮೂರು ಕಣ್ಣು.

ಮೈದುನ ಸವರಿದ್ದು ತುದಿಯನ್ನಲ್ಲ, ಬುಡವನ್ನು. ನಾನು ಒಂದು ಎಂದು ಎಣಿಸಿದ್ದು ನಾಲ್ಕು. ನಾಲ್ಕು ಎಂದಿದ್ದು ಏಳು, ಐದು ಎಂದಿದ್ದು ಎಂಟು. ಒಂದೂವರೆ ದಿನದಿಂದ ನನ್ನ ಕಾರು ನನ್ನ ತಪ್ಪಿನ ಆಸರೆಯ ಮೇಲೆಯೇ ನಿಂತಿತ್ತು.

ಎಸ್‌ಟಿಡಿ ಬೂತಿನ ಶಟರು ಎದ್ದಿರಲಿಲ್ಲ. ಎದ್ದಿದ್ದರೂ ನನ್ನ ಹತ್ತಿರ ಇದ್ದದ್ದು ಹೊನವಾಡದ ಒಂದು ಕಿರಾಣಿ ಅಂಗಡಿಯ ನಂಬರು ಮಾತ್ರ. ಮೊದಲ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಅರ್ಧ ಪಡ ಮುಗಿದಿರುತ್ತದೆ. ಕಟ್ಟನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕಟ್ಟನ್ನು ಹಳಿಯಾಚೆ ಎಸೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊಂಚಲು ಬರದಿದ್ದರೆ ತಪ್ಪನ್ನು ಮೋಡದ ಮೇಲೆ, ಮಂಜಿನ ಮೇಲೆ ಹಾಕಬಹುದಿತ್ತು. ಅಕ್ಕಾರ ಮಾವ ಕೊಡಲಿ ತರುತ್ತಿದ್ದರು, ನಾನು ಲೊಚಗುಟ್ಟುತ್ತಿದ್ದೆ. ಈ ಲೆಕ್ಕ ನನ್ನ ತಲೆಯಲ್ಲಿ ಪೂರ್ತಿ ಆಯಿತು. ಆದರೂ ಎಸೆಯಲಿಲ್ಲ. ಕಟ್ಟನ್ನು ಸೂಕ್ಷ್ಮದರ್ಶಕದ ಪಕ್ಕ ಇಟ್ಟು, ಮೊಸಳಿಯನ್ನು ಇಳಿಜಾರಿಗೆ ಬಿಟ್ಟೆ. ಬಬಲೇಶ್ವರದ ಬದಲು ಟಿಕೋಟಾ ದಾರಿ ಹಿಡಿದೆ.

ಟಿಕೋಟಾದವರೆಗೆ ಮೊಸಳಿ ಎಂದೂ ಓಡದ ಹಾಗೆ ಓಡಿತು. ಊರು ಹೊಕ್ಕ ಮೇಲೆ ಎಕ್ಸಲರೇಟರ್ ತುಳಿದರೆ ಕಾಲು ನೆಲಕ್ಕೆ ಹೋಗಿ ಸುಮ್ಮನಾಯಿತು. ತಂತಿ ಹರಿದಿತ್ತು. ಉಳಿದ ವೇಗದಲ್ಲಿ ಉರುಳುತ್ತ ಒಂದು ಸೈಕಲ್ ಅಂಗಡಿಯ ಎದುರು ನಿಂತೆವು. ಅಂಗಡಿಯ ಹಿರಿಯರು ಬೇವಿನ ಕಡ್ಡಿ ಜಗಿಯುತ್ತ ಕಟ್ಟೆಯ ಮೇಲೆ ಕೂತಿದ್ದರು.

“ಕಾಕಾ, ವಾಯರ್ ಹರೀತ್ರಿ. ಹೊನವಾಡಕ್ಕ ಹೋಗಬೇಕು. ಅಲ್ಲಿ ಪಡಾ ಕಡಿಯಾಕತ್ತಾರ, ನನ್ನ ತಪ್ಪಿನಿಂದ.”

ಅವರು ಎದ್ದು ಮೊಸಳಿಯನ್ನು ಒಮ್ಮೆ ಸುತ್ತಿದರು. “ಇದು ಕಾರೋ, ಆಟಗಿ ಸಾಮಾನೋ?” ಎಂದರು. ನಾನು ಮೂತಿ ಮಗುಚಿದೆ. ಅವರ ಬಾಯಿಯ ಬೇವಿನ ಕಡ್ಡಿ ಅಲ್ಲಾಡುವುದು ನಿಂತಿತು. “ಯಪ್ಪಾ! ಹಿಂಗ ಬಾಯಿ ತೆರೀತೈತೇನು?”

ಆಮೇಲೆ ಅವರು ಮಾಡಿದ್ದನ್ನು ನಾನು ಈಗಲೂ ಬೆರಗಿನಿಂದ ನೆನೆಯುತ್ತೇನೆ. ಮೂಲೆಯಲ್ಲಿದ್ದ ಸೈಕಲ್ಲಿನ ಬ್ರೇಕಿನ ತಂತಿಯನ್ನು ಹಿಡಿಕೆಯ ಸಮೇತ ಬಿಚ್ಚಿದರು. ತಂತಿಯ ಒಂದು ತುದಿಯನ್ನು ಇಂಜಿನ್ನಿಗೆ ಪೆಟ್ರೋಲು ಬಿಡುವ ಸನ್ನೆಕೋಲಿಗೆ ಸಿಕ್ಕಿಸಿದರು. ಇನ್ನೊಂದನ್ನು ಯಾವುದೋ ಹಳೆಯ ತೂತಿನಿಂದ ಒಳಗೆ ತೂರಿಸಿ, ಬ್ರೇಕ್ ಹಿಡಿಕೆಯನ್ನು ಸ್ಟೇರಿಂಗಿನ ದಂಡಕ್ಕೆ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಹತ್ತು ನಿಮಿಷವೂ ಆಗಲಿಲ್ಲ.

“ಬ್ರೇಕ್ ಹಿಡದಷ್ಟೂ ಓಡತೈತಿ. ನಿಲ್ಲಬೇಕಂದ್ರ ಬಿಡು. ನೆನಪಿರ್ಲಿ ತಮ್ಮಾ, ತೆಲಿ ಉಲ್ಟಾ ಇಟ್ಕೊ.”

“ಆ ಸೈಕಲ್ ಯಾರದ್ರಿ ಕಾಕಾ?”

“ನಂದ.”

“ಮತ್ತ ನಿಮಗ ಬ್ರೇಕು?”

“ನಾ ಎಲ್ಲಿ ಹೊಂಟೇನೋ? ನೀ ನಡಿ, ಅಲ್ಲಿ ಕತ್ರಿ ನಡದಾವು.”

ಟಿಕೋಟಾದಿಂದ ಹೊನವಾಡದವರೆಗೆ ಬ್ರೇಕ್ ಹಿಡಿದು ಓಡಿದೆ. ದಾರಿಗೆ ಅಡ್ಡ ಬಂದ ಒಂದು ಎಮ್ಮೆಯ ಎದುರು ಗಾಬರಿಯಿಂದ ಇನ್ನೂ ಗಟ್ಟಿಯಾಗಿ ಹಿಡಿದೆ. ಮೊಸಳಿ ಇನ್ನೂ ಜೋರಾಗಿ ಓಡಿತು. ಎಮ್ಮೆಗೆ ನನಗಿಂತ ಬುದ್ಧಿ ಇತ್ತು, ಸರಿಯಿತು.

ಪಡ ಹತ್ತಿರವಾಗುತ್ತಲೇ ಕತ್ತರಿಗಳ ಸದ್ದು ಕೇಳಿಸಿತು. ಕಟಕ್, ಕಟಕ್, ಕಟಕ್. ಹದಿನಾಲ್ಕು ಜನ. ರಸ್ತೆ ಬದಿಯ ಎರಡು ಸಾಲು ಮುಗಿದು ಮೂರನೆಯದರ ಬಾಯಿಗೆ ನಿಂತಿದ್ದರು. ಹಾರ್ನ್ ಒತ್ತುತ್ತಲೇ ಒಳಗೆ ನುಗ್ಗಿದೆ.

“ಕತ್ರಿ ನಿಲ್ಲಸ್ರಿ! ನಿಲ್ಲಸ್ರಿ!”

ಗ್ಯಾಂಗಿನ ಮೇಸ್ತ್ರಿ ಅರವತ್ತರ ಆಸುಪಾಸಿನವರು. ತಿರುಗಿ ನೋಡಿ ಕೇಳಿದರು: “ಯಾಕ್ರಿ ಸಾಹೇಬ್ರ, ಹಾವ ಗೀವ ಕಂಡಿರೇನು?”

“ಹಾವಲ್ರಿ. ತಪ್ಪು. ನಂದು.”

ಅಕ್ಕಾರು ಬಂದರು. ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಚೀಟಿ ತೆಗೆದರು. “ಐದು ಅಂತ ನೀವ ಬರದೀರಿ.”

“ಬರದೇನ್ರಿ ಅಕ್ಕಾರ. ಎಂಟು ಆಗಬೇಕಿತ್ತು ಅಂತ ಕಾಣಸ್ತೈತಿ.”

“ಕಾಣಸ್ತೈತಿ ಅಂದ್ರ? ಹೌದೋ, ಅಲ್ಲೋ?”

ನಾನು ತುಂಡುಗಳ ಕಟ್ಟನ್ನು ತೋರಿಸಿದೆ. ಮೈದುನನ ಮುಖ ಸಣ್ಣದಾಯಿತು. “ಇವು ನಾ ಸವರಿದ್ದು. ತುದಿ ಬಾಗತೈತ್ರಿ, ಹೆಂಗರ ಹಿಡಸ್ತೈತಿ. ಬುಡ ಬಾಗಂಗಿಲ್ಲ. ಅದಕ್ಕ ಬುಡಾ ತಗದೆ. ನಿಮಗ ಕೇಳೇ ತಗದೆ.”

“ಕೇಳಿದಿ. ಸವರು ಅಂದಾವ ನಾನ. ನಿಂದೇನೂ ಇಲ್ಲೋ ತಮ್ಮಾ.”

ಕಡ್ಡಿಗಳನ್ನು ಬ್ಲೇಡಿನಿಂದ ಬಿಡಿಸಿ ಆಗಿತ್ತು, ಜೋಡಿಸಿ ನೋಡುವಂತಿರಲಿಲ್ಲ. ಎಲ್ಲದರಿಂದಲೂ ಮೂರೇ ಕಣ್ಣು ಹೋಗಿದೆಯೇ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಈ ಕಟ್ಟು ಮಾತ್ರ. ಒಂದು ಸಲ ಅಂದಾಜಿನಿಂದ ಹೇಳಿ ಕೆಡಿಸಿದ್ದೆ. ಎರಡನೆಯ ಸಲ ಅಂದಾಜು ಹೇಳುವ ಧೈರ್ಯ ಇರಲಿಲ್ಲ. “ಹೊಸಾ ಕಡ್ಡಿ ತಗದು ಇಲ್ಲೇ ನೋಡಿ ಹೇಳ್ತೇನ್ರಿ” ಎಂದೆ.

ಮೇಸ್ತ್ರಿ ಸೂರ್ಯನನ್ನು ನೋಡಿದರು. ಮರುದಿನ ಅವರಿಗೆ ಟಿಕೋಟಾದಲ್ಲಿ ಬೇರೆ ಪಡ. ಇಲ್ಲಿ ಇವತ್ತು ತಪ್ಪಿದರೆ ಮತ್ತೆ ಬರುವುದು ಎರಡು ವಾರದ ಮೇಲೆ. “ನ್ಯಾರಿ ಈಗ್ಲೇ ಮುಗಸ್ತೀವಿ” ಎಂದರು. ನ್ಯಾರಿ ಎಂದರೆ ಬೆಳಗಿನ ರೊಟ್ಟಿ. “ರೊಟ್ಟಿ ಮುಗಿಯೂತನಕ ಹೊತ್ತು ನಿಮ್ಮದು.”

ಈ ಸಲ ನಾನೇ ಹತ್ತು ಬಳ್ಳಿಗೆ ಹೋಗಿ, ಬುಡದ ಚಕ್ಕೆಯ ಸಮೇತ ಹತ್ತು ಕಡ್ಡಿ ಕಿತ್ತೆ. ಮೊಸಳಿಯ ಬಾಯಿ ತೆರೆದೆ. ಬ್ಯಾಟರಿಯ ಪಕ್ಕದ ತಗಡಿನ ಮೇಲೆ ಸೂಕ್ಷ್ಮದರ್ಶಕ ಇಟ್ಟೆ. ಅದಕ್ಕೆ ಕಾರಿನ ಹಿಂದಿನ ದೀಪದ್ದೊಂದು ಬಲ್ಬು ಜೋಡಿಸಿ, ಬ್ಯಾಟರಿಗೆ ತಂತಿ ಎಳೆಯುವ ವ್ಯವಸ್ಥೆ ಮಾಡಿಕೊಂಡಿದ್ದೆ. ಅದು ನನ್ನ ಆ ಕಾಲದ ದೊಡ್ಡ ಹೆಮ್ಮೆ. ಎಡಗಡೆಯ ಗಾಲಿಯ ಮೇಲೆ ಕೂತೆ. ಕಣ್ಣಿಟ್ಟರೆ ಏನೂ ಕಾಣಲಿಲ್ಲ, ಎಲ್ಲ ಗಡಗಡ ನಡುಗುತ್ತಿತ್ತು. ಇಂಜಿನ್ನು ಚಾಲೂ ಇತ್ತು. ನಿಲ್ಲಿಸಿದರೆ ಈ ಬ್ಯಾಟರಿಯಿಂದ ಮತ್ತೆ ಚಾಲೂ ಆಗುವುದಿಲ್ಲ, ಎರೆ ಮಣ್ಣಿನಲ್ಲಿ ಇಳಿಜಾರೂ ಇಲ್ಲ. ಬಬಲೇಶ್ವರದ ಕೆಲಸ ಹೋಯಿತು ಎಂದುಕೊಂಡು ನಿಲ್ಲಿಸಿದೆ. ಪಡದಲ್ಲಿ ನಿಶ್ಶಬ್ದ. ರೊಟ್ಟಿ ಮುರಿಯುವ ಸದ್ದು ಮಾತ್ರ.

ಮೊದಲ ಕಡ್ಡಿ. ಬುಡದಿಂದ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ. ನಾಲ್ಕು, ಐದು: ಹುರುಪೆ, ಅದರೊಳಗೆ ಬಿಳಿ ಅರಳೆ, ಅರಳೆಯೊಳಗೆ ಬರೀ ಎಲೆಯ ಮಡಿಕೆ. ಆರು: ಇಲ್ಲ. ಏಳು: ಇತ್ತು. ಎಂಟು: ಇತ್ತು. ಎರಡನೆಯ ಕಡ್ಡಿಯೂ ಹಾಗೆಯೇ. ಮೂರನೆಯ, ನಾಲ್ಕನೆಯ, ಐದನೆಯ ಕಡ್ಡಿಯೂ. ಆರನೆಯ ಕಡ್ಡಿಯ ಹೊತ್ತಿಗೆ ಬಲ್ಬು ಹಳದಿಯಾಗುತ್ತ, ಕೆಂಪಾಗುತ್ತ ಬಂತು. ಬ್ಯಾಟರಿ ಮುಗಿಯಿತು. ಕಣ್ಣುಗಳು ಕತ್ತಲೆಯ ಉಂಡೆಗಳಾದವು. ನಾನು ತಲೆ ಎತ್ತಿದೆ.

ಮೇಸ್ತ್ರಿ ರೊಟ್ಟಿ ಮುಗಿಸಿ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದರು. “ಏನಾತ್ರಿ?”

“ಬೆಳಕ ಹೋತ್ರಿ.”

ಅವರು ಮೂಡಣದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಮುಚ್ಚಳವನ್ನು ಓರೆ ಮಾಡಿ ಹಿಡಿದರು. ಬೆಳಗಿನ ಬಿಸಿಲು ಅದರಿಂದ ಹೊರಳಿ, ಮೊಸಳಿಯ ದವಡೆಯ ಮೇಲೆ ಓಡಾಡಿ, ನನ್ನ ಬೆರಳ ಮೇಲೆ, ಕಡೆಗೆ ಸರಿಯಾಗಿ ಕಡ್ಡಿಯ ಕಣ್ಣಿನ ಮೇಲೆ ಬಂದು ನಿಂತಿತು. “ಇಷ್ಟ ಸಾಕ?”

ಸಾಕಾಗಿತ್ತು. ಬಲ್ಬು ಎಂದೂ ತೋರಿಸದಷ್ಟು ಸ್ಪಷ್ಟವಾಗಿ ತೋರಿಸಿತು. ಎರಡು ವರ್ಷದಿಂದ ಪಡ ಪಡ ತಿರುಗಿ, ಬ್ಯಾಟರಿ ಮುಗಿಸಿ, ಜನರಿಂದ ತಳ್ಳಿಸಿಕೊಂಡವನಿಗೆ ಮೇಲೆ ಸೂರ್ಯ ಇದ್ದಾನೆ ಎಂಬುದು ಹೊಳೆದೇ ಇರಲಿಲ್ಲ.

ಹತ್ತು ಕಡ್ಡಿ ಮುಗಿಯಿತು. ಎಂಟು ಕಡ್ಡಿಗಳಲ್ಲಿ ಅದೇ ಮಾತು: ಏಳನೆಯ ಮತ್ತು ಎಂಟನೆಯ ಕಣ್ಣು. ಎದ್ದು ನಿಂತು ಹೇಳಿದೆ: “ಎಂಟು ಕಣ್ಣು ಬಿಡ್ರಿ. ಈಗ ಕಾಣಸ್ತೈತಿ ಅನ್ನಂಗಿಲ್ಲ. ನೋಡೇನಿ.”

“ನನಗೂ ತೋರಸ್ರಿ” ಎಂದರು ಅಕ್ಕಾರು.

ಗಾಲಿಯ ಮೇಲೆ ಕೂತು ಬಗ್ಗಿದರು. ಮೇಸ್ತ್ರಿ ಮುಚ್ಚಳ ಅಲುಗಿಸದೆ ಹಿಡಿದಿದ್ದರು. ಮೊದಲು ಏನೂ ಕಾಣದೆ ರೆಪ್ಪೆ ಬಡಿದರು. ಆಮೇಲೆ ಬಡಿಯಲಿಲ್ಲ. ಸಾಸಿವೆಗಿಂತ ಸಣ್ಣ ಜಾಗದಲ್ಲಿ, ಬಿಳಿ ಅರಳೆಯ ನಡುವೆ, ಹಾಲುಗಾಳಿನ ಜೋಳದ ತೆನೆಯಂಥದ್ದೊಂದು ಇರುತ್ತದೆ. ಕಾಳು ಕಾಳಾಗಿ, ಹೊಳೆಯುತ್ತ. ಸಾವಿರ ಸಲ ನೋಡಿದ್ದೇನೆ; ಪ್ರತಿ ಸಲ ನೋಡಿದಾಗಲೂ ನನ್ನ ಚಿಂತೆಯೆಲ್ಲ ಒಂದು ಕ್ಷಣ ಎಲ್ಲಿಗೋ ಹೋಗಿರುತ್ತದೆ.

“ಇದು ಬ್ಯಾಸಿಗ್ಯಾಗ ಹರಿಯೂ ಗೊನೀನ?”

“ಹೌದ್ರಿ.”

“ಈಗ್ಲೇ ಒಳಗ ಐತಿ?”

“ಮಳಿಗಾಲದಾಗ ಬಂದು ಕುಂತೈತ್ರಿ.”

ಅವರು ಎದ್ದರು. ಮೊದಲ ಸಾಲಿಗೆ ಹೋಗಿ, ನೆಲದಲ್ಲಿ ಬಿದ್ದಿದ್ದ ಒಂದು ತುಂಡು ಆಯ್ದು ತಂದು ನನ್ನ ಕೈಗಿಟ್ಟರು. “ಇದರಾಗಿಂದು ತೋರಸ್ರಿ.”

ಐದರ ಮೇಲೆ ಕತ್ತರಿಸಿದ ತುಂಡು. ಅದರ ಮೊದಲ ಕಣ್ಣು ಆರನೆಯದು, ಎರಡನೆಯದು ಏಳನೆಯದು. ಎರಡನೆಯದನ್ನು ಬಿಡಿಸಿದೆ. ಅವರು ಬಗ್ಗಿ ನೋಡಿದರು.

“ಐತಿ” ಎಂದರು.

ತಲೆ ಎತ್ತಿ ಗ್ಯಾಂಗಿನ ಕಡೆ ತಿರುಗಿದರು. “ಎಲ್ಲಾರೂ ಬಂದ ಒಮ್ಮೆ ನೋಡ್ರಿ. ನೋಡಿ ಆಮ್ಯಾಲ ಕತ್ರಿ ಹಿಡೀರಿ.”

ಹದಿನಾಲ್ಕು ಜನ ಸಾಲು ನಿಂತರು. ದಿನಕ್ಕೆ ಸಾವಿರಗಟ್ಟಲೆ ಕಡ್ಡಿ ಕತ್ತರಿಸುವ ಕೈಗಳು. “ಏ, ಎರಡೂ ಕಣ್ಣ ಮುಚ್ಚಿದ್ರ ಏನ್ ಕಾಣ್ತೈತೋ ನಿನಗ?” “ಸರಿ ಲೇ, ನಿನ್ನ ಮೀಸಿ ಅಡ್ಡ ಬಂದೈತಿ.” ಹೀಗೆ ನಗುತ್ತ ಬಂದವರು ಬಗ್ಗಿ ನೋಡಿ, ಕೈಯಲ್ಲಿದ್ದ ಕತ್ತರಿಯನ್ನೊಮ್ಮೆ ನೋಡಿಕೊಂಡು ಏಳುತ್ತಿದ್ದರು. ಕಡೆಯವರು ಮೇಸ್ತ್ರಿ, ಮುಚ್ಚಳ ಹಿಡಿಯಲು ಅಕ್ಕಾರೇ ನಿಂತರು. ಮೇಸ್ತ್ರಿ ನೋಡುತ್ತಲೇ ಇದ್ದರು.

“ಇಷ್ಟ ವರ್ಷ ಇದರ ತೆಲಿಮ್ಯಾಗ ಕತ್ರಿ ಆಡ್ಸೇನಿ” ಎಂದರು, ತಲೆ ಎತ್ತದೆ. “ಒಮ್ಮಿಯೂ ಮಾರಿ ನೋಡಿದ್ದಿಲ್ಲ.”

ಮೂರನೆಯ ಸಾಲಿನಿಂದ ಕತ್ತರಿ ಶುರುವಾಯಿತು. ಈ ಸಲ ಸದ್ದು ನಿಧಾನ. ಪ್ರತಿಯೊಬ್ಬರೂ ಬುಡದಿಂದ ಬೆರಳಿಟ್ಟು ಎಣಿಸುವುದು ನನಗೆ ಕಾಣುತ್ತಿತ್ತು.

“ಆ ಎರಡು ಸಾಲು ಈ ವರ್ಷ ಏನೂ ಕೊಡಂಗಿಲ್ರಿ ಅಕ್ಕಾರ” ಎಂದೆ. ಹೇಳಲೇಬೇಕಾದ ಮಾತು ಅದೊಂದು ಬಾಕಿ ಇತ್ತು.

“ಗೊತ್ತಾತು.” ಅವರು ಪಡದ ಉದ್ದಕ್ಕೂ ಕಣ್ಣು ಹಾಯಿಸಿ, ಆಮೇಲೆ ಮೊಸಳಿಯನ್ನು ಅಳೆಯುವ ಹಾಗೆ ನೋಡಿದರು. “ನಿಮ್ಮ ಕಾರ್ ಒಂದ ಗೇಣ ಉದ್ದ ಇದ್ರ ಅವೂ ಉಳೀತಿದ್ವು ನೋಡ್ರಿ.”

ಮಧ್ಯಾಹ್ನ ಗ್ಯಾಂಗಿನವರೇ ಮೊಸಳಿಯನ್ನು ಎರೆ ಮಣ್ಣಿನಿಂದ ರಸ್ತೆಗೆ ತಳ್ಳಿದರು. “ಹೂಂ ಹಾಕ್ರ್ಯೋ, ಮೊಸಳಿ ನೀರಿಗಿ ಬಿಡ್ರ್ಯೋ!” ಎಂಬ ಕೂಗಿಗೆ ಅದು ಕೆಮ್ಮಿ ಚಾಲೂ ಆಯಿತು. ಬ್ರೇಕ್ ಹಿಡಿದೆ, ಓಡಿತು. ಟಿಕೋಟಾದಲ್ಲಿ ಕಾಕಾನಿಗೆ ಹೊಸ ತಂತಿ, ಹೊಸ ಹಿಡಿಕೆ ತಂದುಕೊಟ್ಟಾಗ ಅವರು ಕೇಳಿದ್ದು ಒಂದೇ ಮಾತು: “ಪಡಾ ಉಳೀತೋ ಇಲ್ಲೋ?”

ಉಳಿಯಿತು. ಬೇಸಿಗೆ ಹತ್ತಿರವಾದಾಗ ಹೋಗಿ ನೋಡಿದೆ. ರಸ್ತೆ ಬದಿಯ ಎರಡು ಸಾಲು ದಟ್ಟ ಹಸಿರು, ಒಂದು ಗೊಂಚಲಿಲ್ಲ. ಮೂರನೆಯ ಸಾಲಿಗೆ ಕಾಲಿಟ್ಟರೆ ತಲೆಗೆ ಗೊಂಚಲು ತಾಗುತ್ತಿದ್ದವು. ಅಕ್ಕಾರ ಮಾವ ಚಪ್ಪರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು, ಮೇಲೆ ನೋಡುತ್ತ ಓಡಾಡುತ್ತಿದ್ದರು. ನನ್ನನ್ನು ಕಂಡು, “ಡಾಕ್ಟ್ರ, ಈ ಎರಡ ಸಾಲಿಗಿ ಏನಾಗೈತ್ರಿ?” ಎಂದು ಕೇಳಿದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕಾರು, “ಅವು ನಾವು ಕಲಿಯಾಕ ಇಟ್ಟ ಸಾಲ್ರಿ ಮಾವಾರ” ಎಂದರು.

ಮರುವರ್ಷದ ಮಾದರಿ ಕಡ್ಡಿಗಳು ಪೂರ್ತಿ ಉದ್ದದಲ್ಲಿಯೇ ಬಂದವು. ಡಿಕ್ಕಿಯಲ್ಲಿ ಹಿಡಿಸಲಿಲ್ಲ, ಮೊಸಳಿಯ ನೆತ್ತಿಗೆ ಕಟ್ಟಿದೆವು. ಪ್ರತಿ ಕಡ್ಡಿಯ ಬುಡಕ್ಕೂ ಅಕ್ಕಾರು ಕೆಂಪು ದಾರ ಸುತ್ತಿದ್ದರು. “ಇದು ಇದ್ದ ಕಡೆಯಿಂದ ಎಣಸ್ರಿ. ದಾರಾ ಕಾಣಲಿಲ್ಲಂದ್ರ ಎಣಸಬ್ಯಾಡ್ರಿ.” ಅವರನ್ನು ನೋಡಿ ಪಕ್ಕದ ಪಡದವರು ಕಟ್ಟಿದರು, ಗ್ಯಾಂಗು ಹೋದಲ್ಲೆಲ್ಲ ಮೇಸ್ತ್ರಿ ಕಟ್ಟಿಸಿದರು.

ಮೊಸಳಿಯನ್ನು ಇನ್ನೂ ಮೂರು ವರ್ಷ ಬ್ರೇಕ್ ಹಿಡಿದೇ ಓಡಿಸಿ, ಕಡೆಗೆ ಬಿಟ್ಟೆ. ಈಗ ನನಗೆ ಐವತ್ತು ದಾಟಿದೆ. ಈಗಿನ ಕಾರು ತನ್ನ ರೋಗವನ್ನು ತಾನೇ ದೀಪ ಹಚ್ಚಿ ಹೇಳುತ್ತದೆ. ದೀಪ ಹತ್ತದಿದ್ದಾಗ ದೀಪವೇ ಕೆಟ್ಟಿರಬಹುದೆಂದು ನಾನು ಚಿಂತಿಸುತ್ತೇನೆ. ಅದರ ಡಿಕ್ಕಿ ಎಷ್ಟು ದೊಡ್ಡದೆಂದರೆ ಅದರಲ್ಲಿ ಕಡ್ಡಿಗಳಲ್ಲ, ಒಂದು ಬಳ್ಳಿಯೇ ಮಲಗಬಹುದು. ಆದರೂ ನಿಲ್ಲಿಸುವಾಗ ಇಳಿಜಾರು ಹುಡುಕುತ್ತೇನೆ.

ಕಳೆದ ಸಲ ಅಕ್ಟೋಬರ್ ಚಾಟ್ನಿಗೆ ಮುಂಚೆ ಬಬಲೇಶ್ವರದ ಕಡೆಯಿಂದ ಒಬ್ಬ ರೈತರು ಕಡ್ಡಿ ತಂದರು. ಹೊಸಬರು, ಎಂದೂ ಕಂಡವರಲ್ಲ. ಹತ್ತು ಕಡ್ಡಿಯ ಬುಡಕ್ಕೂ ಕೆಂಪು ದಾರ.

“ಇದನ್ಯಾಕ ಕಟ್ಟೀರಿ?” ಎಂದೆ.

“ಪದ್ಧತಿ ಐತಲ್ರಿ ಸರ್. ನಮ್ಮ ಕಡೆ ಎಲ್ಲಾರೂ ಕಟ್ತಾರ.”

“ಬುಡ ಯಾವುದು, ತುದಿ ಯಾವುದು ತಿಳೀಲಿ ಅಂತ ಇರಬೇಕು.”

ಅವರು ಮನಸಾರೆ ನಕ್ಕರು. “ಏನ್ರಿ ಸರ್ ನೀವು, ಬುಡ ಯಾವುದು ಅಂತ ತಿಳೀದಾವ ಯಾರರ ಇರ್ತಾನೇನ್ರಿ?”

ನಾನು ಸೂಕ್ಷ್ಮದರ್ಶಕದ ಕಡೆ ತಿರುಗಿ ಮೊದಲ ಕಡ್ಡಿಯನ್ನು ಕೈಗೆತ್ತಿಕೊಂಡೆ. ದಾರದಿಂದ ಎಣಿಸಿದೆ. ಒಂದು, ಎರಡು, ಮೂರು. ಅಲ್ಲಿಗೆ ಬಂದಾಗ ಬೆರಳು ಈಗಲೂ ಒಂದು ಕ್ಷಣ ನಿಲ್ಲುತ್ತದೆ. ನಿಂತು, ಮುಂದೆ ಹೋದೆ. ಏಳನೆಯದನ್ನು ಬಿಡಿಸಿ, ಬೆಳಕಿಗೆ ಹೊಂದಿಸಿ, ಎದ್ದು ಕುರ್ಚಿ ಬಿಟ್ಟುಕೊಟ್ಟೆ.

“ಬರ್ರಿ” ಎಂದೆ. “ಮೊದಲ ನೀವ ನೋಡ್ರಿ.”